ಏಳು ತಟ್ಟೆಯ ಊಟಕ್ಕೆ ಒಂದು ಹೋಟೆಲು

"ಹಲೋ… ಹಲೋ, ಯಾರು? … ಯಾರು ಮಾತಾಡ್ತಿರೋದು ಅಂತ ಕೇಳ್ದೆ."

ಮೊಯಿಲಾನ್ ಫೋನನ್ನು ಕಿವಿಯಿಂದ ತೆಗೆದು ಇನ್ನೊಮ್ಮೆ ಪರದೆ ನೋಡಿದಳು. 'ಎತ್ತಬೇಡ' ಎಂದೇ ಇತ್ತು. ಚುಂಗ್ ಫಾನ ನಂಬರನ್ನು ಅವಳು ಹಾಗೆಂದು ಬರೆಸಿಟ್ಟುಕೊಂಡಿದ್ದಳು, ಒಂದು ದಿನವೂ ಎತ್ತಿರಲಿಲ್ಲ. ಈಗ ಚುಂಗ್ ಫಾ ಸತ್ತು ಎರಡು ದಿನ. ಕಲ್ಕತ್ತೆಯ ಟಾಂಗ್ರಾದಲ್ಲಿ ಸತ್ತವರು ಏನೇನೋ ಮಾಡುತ್ತಾರೆಂದು ಅವಳು ಕೇಳಿದ್ದಳು, ಫೋನು ಮಾಡುತ್ತಾರೆಂದು ಮಾತ್ರ ಕೇಳಿರಲಿಲ್ಲ. ಅದಕ್ಕೇ ಎತ್ತಿದಳು.

"ಯಾವ ಆ-ವೆನ್? … ಚುಂಗ್ ಫಾನ ಮಗನಾ? ವಿಯೆನ್ನಾದವನು? … ಹಾಂ. ಹಾಂ. ಅಪ್ಪನ ಫೋನಿಂದ ಮಾಡ್ತಿದೀಯಾ. ನಾನೇನೋ ಅವನೇ ಹೋಗ್ತಾ ಹೋಗ್ತಾ ಬೈಯೋಕೆ ಒಂದು ಬಾಕಿ ಇತ್ತು ಅಂತ ಮಾಡಿದ್ನೇನೋ ಅಂದ್ಕೊಂಡೆ."

"ಆ-ಯಿ ಅನ್ಬೇಡ. … ಅನ್ಬೇಡ ಅಂದ್ನಲ್ಲ. ನಾನು ನಿಂಗೆ ಚಿಕ್ಕಮ್ಮನೂ ಅಲ್ಲ, ದೊಡ್ಡಮ್ಮನೂ ಅಲ್ಲ. … ಏನಂತ ಕರೀಬೇಕಾ? ಮಿಸೆಸ್ ಯಾಪ್ ಅನ್ನು. ಬೋರ್ಡ್ ಇದೆಯಲ್ಲ, ಯಾಪ್ ಹೋಟೆಲು ಅಂತ. ನಿಮ್ಮನೆ ಗೇಟಿಂದ ನೆಟ್ಟಗೆ ಕಾಣುತ್ತೆ. ನಿಮ್ಮಪ್ಪನ ಕಣ್ಣಿಗೆ ಇಪ್ಪತ್ತು ವರ್ಷದ ಮೇಲೆ ಕುಕ್ಕಿದೆ."

"ಹಾಂ, ಕೇಳ್ದೆ. ಬೀದಿಯೆಲ್ಲಾ ಹೇಳ್ತು. … ಎಂಬತ್ತೊಂದಾ? ಸಾಕು ಬಿಡು, ಪಾಪಿ ಚಿರಾಯು. … ಬೇಜಾರು ಮಾಡ್ಕೊಂಡ್ಯಾ? ಮಾಡ್ಕೋ. ಮಾಡ್ಕೊಂಡು ಫೋನ್ ಇಡು. ನಂಗೆ ಒಲೆ ಮೇಲೆ ಎಲುಬಿನ ಸಾರು ಕುದೀತಿದೆ, ಹಬ್ಬಕ್ಕೆ ಐದು ದಿನ ಇದೆ."

"ಏನು? … ಇನ್ನೊಂದ್ಸಲ ಹೇಳು. … ಸಾವಿನೂಟ? ನಮ್ಮಲ್ಲಾ? … ಅಲ್ಲಪ್ಪಾ, ವಿಯೆನ್ನಾದ ಚಳೀಗೆ ತಲೆ ಹೆಪ್ಪುಗಟ್ಟಿದೆಯಾ ಹೇಗೆ? ನಿಮ್ಮಪ್ಪನ ಸಾವಿನೂಟ ನಾನು ಹಾಕಬೇಕಾ?"

ಅವಳು ನಕ್ಕಳು. ಆ ನಗು ಕೇಳಿ ತರಕಾರಿ ಹೆಚ್ಚುತ್ತಿದ್ದ ರಾಮಸೇವಕ ತಲೆ ಎತ್ತಿ ನೋಡಿದ, ಮತ್ತೆ ತಗ್ಗಿಸಿದ. ಬಿಹಾರದಿಂದ ಬಂದು ಇಪ್ಪತ್ತೆರಡು ವರ್ಷದಿಂದ ಅವಳ ಬಾಣಲೆ ಹಿಡಿದವನಿಗೆ ಯಜಮಾನಿಯ ನಗುವಿನಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಗೊತ್ತಿತ್ತು.

ಟಾಂಗ್ರಾದ ಚೀನೀಯರಲ್ಲಿ ಮಣ್ಣು ಮಾಡಿ ಬಂದವರು ಊಟ ಮಾಡದೆ ತಮ್ಮ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಯಾವುದಾದರೂ ಹೋಟೆಲಿನವರು ಬಡಿಸಬೇಕು. ಬಡಿಸದಿದ್ದರೆ ಸತ್ತವನು ಹಸಿದುಕೊಂಡೇ ಹೋದ ಎಂದು ಬೀದಿ ಮೂರು ತಲೆಮಾರು ಆಡಿಕೊಳ್ಳುತ್ತದೆ. ಆದರೆ ಚೀನೀ ಹೊಸವರ್ಷಕ್ಕೆ ಐದು ದಿನ ಇರುವಾಗ ಯಾವ ಹೋಟೆಲಿನವನು ತಾನೇ ಸಾವನ್ನು ಒಳಗೆ ಕರೆದು ಕುರ್ಚಿ ಹಾಕುತ್ತಾನೆ? ಚುಂಗ್ ಫಾ ಬದುಕಿದ್ದಾಗಲೂ ಯಾರ ಅನುಕೂಲ ನೋಡಿದವನಲ್ಲ, ಸಾಯುವಾಗಲೂ ನೋಡಲಿಲ್ಲ.

"ನಿಮ್ಮದೇ ಇತ್ತಲ್ಲಪ್ಪ ಹೋಟೆಲು, ಸಿಲ್ವರ್ ಕಾರ್ಪ್, ನಾನೂರು ಜನ ಒಟ್ಟಿಗೆ ಕೂರೋದು. ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ. ಅಲ್ಲೇ ಹಾಕು. … ಏನು? … ಗೋದಾಮಾ? ಲಾರಿ ಟಯರಾ? … ನಂಗೊತ್ತು, ಸುಮ್ನೆ ನಿನ್ನ ಬಾಯಲ್ಲಿ ಕೇಳೋಣ ಅಂತ."

"ಮತ್ತೆ ಊರಲ್ಲಿ ಬೇರೆ ಹೋಟೆಲ್ ಇಲ್ವಾ? ಚೀನಾ ಬೀದಿ ತುಂಬಾ ಹೋಟೆಲೇ. ಬ್ಯಾಂಬೂ ಕೋರ್ಟಿಗೆ ಹೋಗು, ಆ-ಫೋಂಗ್ ಇದಾನೆ. ಅವನ ಸೂಪಿನಲ್ಲಿ ಚಮಚ ನೆಟ್ಟಗೆ ನಿಲ್ಲುತ್ತೆ, ಅಷ್ಟು ಕಾರ್ನ್‌ಫ್ಲೋರು. ಉಳಿದದ್ದನ್ನ ಮನೆಗೆ ತಂದು ಗೋಡೆಗೆ ಪೋಸ್ಟರ್ ಅಂಟಿಸಬಹುದು. … ಕೇಳಿದ್ಯಾ? … ಏನಂದ? … ಎ.ಸಿ. ಕೆಟ್ಟಿದೆ ಅಂದ್ನಾ? ಈ ಚಳೀಲಿ ಎ.ಸಿ. ಯಾರಿಗೆ ಬೇಕಿತ್ತು, ಹೆಣಕ್ಕಾ? ಆ-ಫೋಂಗ್ ಸುಳ್ಳು ಹೇಳೋದರಲ್ಲೂ ಸೋಮಾರಿ."

"ಲಿಯಾವ್ ಅಕ್ಕತಂಗಿಯರ ಹತ್ರ ಹೋಗು ಮತ್ತೆ. ಮನೆ ಜಗಲೀಲಿ ನಾಲ್ಕು ಮೇಜು ಹಾಕಿದಾರೆ, ಗೊತ್ತಾ, ಬೌದ್ಧ ಗುಡಿ ಹಿಂದೆ? ಅವರ ಮೀನುಂಡೆ ಚೆನ್ನಾಗಿರುತ್ತೆ, ನನ್ನ ಶತ್ರುಗಳಾದ್ರೂ ಹೇಳ್ತೀನಿ. ದೊಡ್ಡವಳು ಮೀನನ್ನ ಕೈಯಲ್ಲೇ ಕುಟ್ತಾಳೆ, ಮಿಕ್ಸಿ ಮುಟ್ಟಲ್ಲ. … ಬಾಗಿಲೇ ತೆಗೀಲಿಲ್ವಾ? … ಕಿಟಕೀಲಿ ನೋಡಿ ಒಳಗೆ ಹೋದ್ಲಾ? … ಹಾಂ. ಅವಳಿಗೂ ನಿಮ್ಮಪ್ಪನಿಗೂ ಒಂದು ಕಥೆ ಇದೆ, ಅದನ್ನ ಅವಳೇ ಹೇಳಲಿ. ನಿಮ್ಮಪ್ಪ ಯಾರನ್ನೂ ಖಾಲಿ ಕೈಯಲ್ಲಿ ಕಳಿಸಿದವನಲ್ಲ, ಎಲ್ಲರಿಗೂ ಒಂದೊಂದು ಕಥೆ ಕೊಟ್ಟು ಹೋಗಿದಾನೆ."

"ಹಾಗಾದ್ರೆ ಟಿರೆಟ್ಟಾ ಬಜಾರ್. ಬೆಳಿಗ್ಗೆ ಆರಕ್ಕೆ ಬೀದಿ ಬದಿ ಹಂದಿ ಬನ್ನು, ಸಾಸೇಜು, ಬಿಸಿ ಸಾರು, ಎಲ್ಲಾ ಸಿಗುತ್ತೆ. ಎಂಟಕ್ಕೆ ಖಾಲಿ. ಹೆಣಕ್ಕೆ ಒಂದು ಅಲಾರಂ ಇಟ್ಟು ಬೇಗ ಮಣ್ಣು ಮಾಡಿ, ಎಲ್ಲರೂ ಕಾಗದದ ತಟ್ಟೆ ಹಿಡ್ಕೊಂಡು ನಿಂತ್ಕೊಂಡು ತಿನ್ನಿ. … ತಮಾಷೆ ಅಲ್ವಾ? ಅಲ್ಲ. ನಿಮ್ಮಪ್ಪನ ಯೋಗ್ಯತೆಗೆ ಅದೂ ಹೆಚ್ಚು."

ಆ ಕಡೆಯವನು ಬರೀ 'ಹೂಂ' ಎಂದ. ತಿರುಗಿ ಜಗಳಾಡದವರ ಮೇಲೆ ಮೊಯಿಲಾನ್‌ಗೆ ಇನ್ನೂ ಸಿಟ್ಟು ಬರುತ್ತಿತ್ತು. ಜಗಳ ಎಂದರೆ ಇಬ್ಬರು ಹಗ್ಗ ಎಳೆಯಬೇಕು, ಒಬ್ಬರು ಬಿಟ್ಟರೆ ಇನ್ನೊಬ್ಬರು ಬೀಳುತ್ತಾರೆ.

"ಅಲ್ಲ, ನೀನೂ ಹೋಟೆಲಿನವನೇ ಅಂತಲ್ಲ? ವಿಯೆನ್ನಾದಲ್ಲಿ ಏನೋ ಮಾರ್ತೀಯಂತೆ. … ಸುಶಿಯಾ? ಟಾಂಗ್ರಾದ ಹಕ್ಕಾ ಚೀನೀ ಹುಡುಗ, ಜಪಾನಿನ ಊಟ, ಗೋರಾಗಳಿಗೆ! ಹಸಿ ಮೀನು ಸುತ್ತಿಕೊಡೋಕೆ ಅಡುಗೆ ಬೇಕಾಗಿಲ್ಲ ಬಿಡು. … ನಾನಾ? ನಾನು ಸಾಲ್ಟ್ ಲೇಕಿನ ಬಂಗಾಳಿ ಬಾಬುಗಳಿಗೆ ಚಿಲ್ಲಿ ಚಿಕನ್ ಹಾಕ್ತೀನಿ, ನಿಜ. ಆದ್ರೆ ಬಾಣಲೆ ಬಿಸಿ ಮಾಡಿ ಹಾಕ್ತೀನಿ."

"ಏನು ಹೇಳಿದ್ನಂತೆ? … ಯಾರು, ನಿಮ್ಮಪ್ಪನಾ? … ನನ್ನ ಹೋಟೆಲು ಅವನಿಂದ ಆಯ್ತು ಅಂತಿದ್ನಾ? … ಸಾಯೋ ಮುಂಚೆ ಹೇಳಿದ್ನಾ? ಆಸ್ಪತ್ರೇಲಿ? … ಹೇಳು, ಸರಿಯಾಗಿ ಹೇಳು, ಅವನ ಮಾತಲ್ಲೇ ಹೇಳು. … 'ಯಾಪ್ ಹೆಂಡತಿ ಹೋಟೆಲು ನನ್ನಿಂದ ಆಯ್ತು, ನನ್ನ ಊಟ ಅವಳೇ ಹಾಕಬೇಕು.' ಅಷ್ಟೇ? … ಅಯ್ಯೋ ಇವನ ಬಾಯಿಗೆ ಮಣ್ಣು ಹಾಕ! ನಾಡಿದ್ದು ಹೇಗೂ ಹಾಕ್ತೀರಲ್ಲ, ಒಂದು ಬೊಗಸೆ ನನ್ನ ಹೆಸರಲ್ಲೂ ಹಾಕು."

"ಕೇಳಿಲ್ಲಿ. ನೀನು ಆಗ ಡಾರ್ಜಿಲಿಂಗಿನ ಹಾಸ್ಟೆಲಲ್ಲಿದ್ದೆ, ನಿಂಗೆ ಗೊತ್ತಿಲ್ಲ. ನನ್ನ ಗಂಡ ಸತ್ತಾಗಲೂ ಹಬ್ಬಕ್ಕೆ ಐದೇ ದಿನ. ಟ್ಯಾನರೀಲಿ ಚರ್ಮ ತಿರುವೋ ಪೀಪಾಯಿ ಮುಂದೆ ಎದೆ ಹಿಡ್ಕೊಂಡು ಕೂತವನು ಏಳಲಿಲ್ಲ. ನಲವತ್ತೆರಡು ವಯಸ್ಸು. ನಾನು ಬಿಳಿ ಬಟ್ಟೆ ಉಟ್ಟು ನಿಮ್ಮ ಸಿಲ್ವರ್ ಕಾರ್ಪ್ ಬಾಗಿಲಿಗೆ ಬಂದೆ. … ಇಲ್ಲ, ಒಳಗೆ ಬಿಡ್ಲಿಲ್ಲ. ನಿಮ್ಮಪ್ಪ ಸಿಂಹದ ಪಕ್ಕ ನಿಲ್ಲಿಸಿದ. ಏನಂದ ಅನ್ನೋದನ್ನ ಈ ಬಾಯಲ್ಲಿ ಮತ್ತೆ ಹೇಳಲ್ಲ. ಅವನು ಇಲ್ಲ ಅಂದ ಅಂತ ಉಳಿದವರೂ ಇಲ್ಲ ಅಂದ್ರು. ಅವನೇ ಆಗ ಬೀದಿಗೆ ದೊಡ್ಡವನಲ್ವಾ, ಅವನು ಕೆಮ್ಮಿದ್ರೆ ಎಲ್ಲರೂ ಕೆಮ್ಮೋರು."

"ಆಮೇಲೇನು? ಗಂಡನ್ನ ಮಣ್ಣು ಮಾಡಿ ಬಂದು ನಾನೇ ಒಲೆ ಹಚ್ಚಿದೆ. ಹಚ್ಚಬಾರದು ಅಂತ ನಂಗೂ ಗೊತ್ತಿತ್ತು. ಚರ್ಮ ಒಣಹಾಕೋ ಅಂಗಳದಲ್ಲಿ, ಆ ನಾತದಲ್ಲಿ, ನೂರಾ ಎಂಬತ್ತು ಜನಕ್ಕೆ, ಏಳು ತಟ್ಟೆ. ಒಬ್ಬಳೇ. … ಅಳೋಕೆ ಹೇಗಾಗುತ್ತೆ? ಬಾಣಲೆ ಮುಂದೆ ನಿಂತವಳು ಅಳೋಕಾಗಲ್ಲ ಕಣೋ. ನೀರು ಬಿದ್ರೆ ಎಣ್ಣೆ ಮುಖಕ್ಕೆ ಸಿಡಿಯುತ್ತೆ. … ಹಾಂ, ತಿಂದವರು ಹೇಳಿದ್ರು, ನಿನ್ನ ಕೈ ಚೆನ್ನಾಗಿದೆ, ಹೋಟೆಲ್ ಇಡು ಅಂತ. ಟ್ಯಾನರಿ ಮುಚ್ಚಿದ ಮೇಲೆ ಇಟ್ಟೆ. ಅದನ್ನ ನಿಮ್ಮಪ್ಪ ತಾನು ಕೊಟ್ಟಿದ್ದು ಅಂತಾನೆ! ನನ್ನ ಕಾಲು ಮುರಿದವನೇ ಊರುಗೋಲು ಕೊಟ್ಟೋನು ನಾನೇ ಅಂದ ಹಾಗೆ."

ಅವಳು ಏದುಸಿರು ಬಿಡುತ್ತಿದ್ದಳು. ಸಾರು ಉಕ್ಕಿ ಒಲೆ ಚುರ್ ಎಂದಿತು. ರಾಮಸೇವಕ ಎದ್ದು ಉರಿ ತಗ್ಗಿಸಿದ. ಮೂವತ್ತು ವರ್ಷ ಈ ಮಾತನ್ನು ಅವಳು ಚುಂಗ್ ಫಾನಿಗೆ ಹೇಳಬೇಕೆಂದು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅವನು ಕೇಳದೆ ಸತ್ತ. ಈಗ ಹೇಳಿದ್ದು ಹೇಳಬೇಕಾದವನಿಗಲ್ಲ ಎಂದು ಅವಳಿಗೆ ಮೋಸ ಹೋದ ಹಾಗಾಯಿತು.

"ಏನು? … ಗೊತ್ತಿರಲಿಲ್ವಾ. ಹಾಂ. ಈಗ ಗೊತ್ತಾಯ್ತಲ್ಲ. ಇಡು. … ಸರಿ, ಬೇರೆ ಕಡೆ ನೋಡ್ಕೋತೀಯಾ? ನೋಡ್ಕೋ. … ಎಲ್ಲಿ? … ಲಕ್ಕಿ ಪಗೋಡಾನಾ? ದೊಡ್ಡ ರಸ್ತೇಲಿ, ಪ್ಲಾಸ್ಟಿಕ್ ಹೂವಿನ ಮರ ಇಟ್ಟಿದಾರಲ್ಲ, ಅದಾ? ಅವರು ನಮ್ಮೋರಲ್ಲ. ನಮ್ಮ ಸಾವೂ ಅವರಿಗೆ ಗೊತ್ತಿಲ್ಲ, ಹಬ್ಬವೂ ಗೊತ್ತಿಲ್ಲ. … ಒಪ್ಪಿದ್ರಾ? ಒಪ್ತಾರೆ, ಅವರಿಗೇನು. ಹೋಗು, ಸುಖವಾಗಿರು."

"ತಡಿ. … ತಡಿ ಅಂದೆ. ಏನು ಬಡಿಸ್ತಾರಂತೆ? … ಸುಮ್ನೆ ಕೇಳ್ತಿದೀನಪ್ಪ, ಹೋಟೆಲಿನವಳಲ್ವಾ. … ಸೆಟ್ ಮೆನುವಾ. ಯಾವ ಸೆಟ್ಟು? … ಏನು ಸೆಟ್ಟು?"

"ಸಮೃದ್ಧಿ ಸೆಟ್ಟಾ? … ಎಷ್ಟು ತಟ್ಟೆ? … ಎಂಟಾ! … ಅಯ್ಯೋ ಪೆದ್ದು ಮುಂಡೇದೇ! ಎಂಟು ಮದುವೆಗೆ ಕಣೋ! ಎಂಟು ತಟ್ಟೆ ಮದುವೆಗೆ, ಏಳು ತಟ್ಟೆ ಸಾವಿಗೆ, ಹಾಲು ಕುಡಿಯೋ ಕೂಸಿಗೂ ಗೊತ್ತಲ್ಲೋ! ನಿಮ್ಮಪ್ಪನಿಗೆ ಇನ್ನೊಂದು ಮದುವೆ ಮಾಡ್ತೀಯಾ, ನಾಡಿದ್ದು, ಸ್ಮಶಾನದಿಂದ ಬಂದು? … ಇನ್ನೇನಿದೆ ಅದರಲ್ಲಿ, ಓದು. … ಕೆಂಪು ಬಾತುಕೋಳಿ. ಕೆಂಪು, ಶುಭದ ಬಣ್ಣ! ಓದು, ಓದು. … ನೂಡಲ್ಸಾ? ಉದ್ದ ನೂಡಲ್ಸಾ? … ಅದು ಆಯಸ್ಸು ಉದ್ದವಾಗಲಿ ಅಂತ ಹುಟ್ಟಿದಬ್ಬಕ್ಕೆ ತಿನ್ನೋದು! ಸತ್ತವನಿಗೆ ಇನ್ನೆಂಥಾ ಆಯಸ್ಸು ಕೊಡ್ತೀಯೋ? … ಉಳಿದದ್ದನ್ನ ಡಬ್ಬಿಗೆ ಹಾಕಿ ಕೊಡ್ತಾರಾ? ದೇವರೇ. ಸಾವಿನೂಟವನ್ನ ಎಲ್ಲರ ಮನೆಗೂ ಪಾರ್ಸಲ್!"

"ನೀನು ಮರೆತೆ ಅಂತ ನಂಗೆ ಆಶ್ಚರ್ಯ ಇಲ್ಲ. ಇಪ್ಪತ್ತು ವರ್ಷ ಹಸಿ ಮೀನು ಸುತ್ತಿದೋನು. ಆದ್ರೆ ಊಟಕ್ಕೆ ಬರ್ತಾರಲ್ಲ ನಮ್ಮ ಮುದುಕರು, ಅವರು ಆ ಎಂಟನೇ ತಟ್ಟೆ ನೋಡಿ ಎದ್ದು ಹೋಗ್ತಾರೆ. ಊಟ ಮಾಡದೆ ಹೋಗ್ತಾರೆ. ಆಮೇಲೆ ಮನೆಗೂ ಹೋಗೋ ಹಾಗಿಲ್ಲ, ಬೀದೀಲಿ ನಿಲ್ತಾರೆ, ಚಳೀಲಿ. … ಹಾಂ. ಅಳ್ತಿದೀಯಾ? ಅಳಬೇಡ, ನಂಗೆ ಕಿರಿಕಿರಿ."

"ಇಲ್ಲ. … ಇಲ್ಲ ಅಂದ್ರೆ ಇಲ್ಲ. ನೀನು ಏನು ಮಾಡಿದ್ರೂ ನನ್ನ ಹತ್ರ ಆಗಲ್ಲ. ಇದು ಸಿಟ್ಟಿಗೂ ಅಲ್ಲ. ಹಬ್ಬದ ಆರನೇ ದಿನ ನಮ್ಮಲ್ಲಿ ಮದುವೆ ಊಟ ಇದೆ, ಹನ್ನೆರಡು ಮೇಜು. ಸಾವಿನೂಟ ಬಡಿಸಿದ ಮೇಜಿನ ಮೇಲೆ ಮದುವೆ ಊಟ ಬಡಿಸೋಕಾಗಲ್ಲ, ನೀನೇ ಅರ್ಥ ಮಾಡ್ಕೋಬೇಕು—"

ಅವಳ ನಾಲಿಗೆ ಅಲ್ಲೇ ನಿಂತಿತು. ಈ ಮಾತು ಅವಳದಲ್ಲ. ಸಿಂಹದ ಪಕ್ಕ ನಿಂತು ಚುಂಗ್ ಫಾ ಹೇಳಿದ್ದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. 'ನೀನೇ ಅರ್ಥ ಮಾಡ್ಕೋಬೇಕು' ಎಂಬುದೂ ಅವನದೇ. ಯಾವ ಮಾತನ್ನು ಬಾಯಿಯಿಂದ ಆಡುವುದಿಲ್ಲ ಎಂದು ಈಗ ತಾನೇ ಹೇಳಿದ್ದಳೋ ಅದನ್ನು ಅವನಷ್ಟೇ ಸಲೀಸಾಗಿ ಆಡಿಬಿಟ್ಟಿದ್ದಳು. ಮೊಯಿಲಾನ್‌ಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಮತ್ತಷ್ಟು ಕೋಪ ಬಂತು, ಸತ್ತವನ ಮೇಲೆ, ಬದುಕಿದವನ ಮೇಲೆ, ಆರನೇ ದಿನ ಮದುವೆ ಇಟ್ಟುಕೊಂಡವರ ಮೇಲೆ.

"ಇದೀನಿ. … ಇದೀನಪ್ಪಾ, ಸತ್ತಿಲ್ಲ. … ಏನೂ ಆಗಿಲ್ಲ. ಬಾಯಿಗೆ ಏನೋ ಕಹಿ ಸಿಕ್ತು."

"ಪೆನ್ನು ಇದೆಯಾ? … ಪೆನ್ನು, ಪೆನ್ನು. ಇಲ್ಲದಿದ್ರೆ ಹುಡುಕು. ನಿಮ್ಮಪ್ಪನ ಟೇಬಲ್ಲಲ್ಲಿ ಇರುತ್ತೆ, ಮೂರು ಬೀದಿಯಲ್ಲಿ ಇಸ್ಕೊಂಡ ಪೆನ್ನೆಲ್ಲಾ ಅವನ ಹತ್ರಾನೇ ಇರೋದು. … ಸಿಕ್ತಾ? ಮೊದಲು ಆ ಪಗೋಡಾಗೆ ಫೋನ್ ಮಾಡಿ ಸಮೃದ್ಧಿ ಬೇಡ ಅನ್ನು. ನಾಡಿದ್ದು ಮಧ್ಯಾಹ್ನ ಒಂದು ಗಂಟೆ. ಮುಂದಿನ ಬಾಗಿಲಿಂದ ಬನ್ನಿ. … ಹೌದು, ನಮ್ಮಲ್ಲೇ. ಕಿವಿ ಕೇಳಲ್ವಾ? … ಮದುವೆಯವರು? ಹೋದ್ರೆ ಹೋಗ್ಲಿ. ಬ್ಯಾಂಬೂ ಕೋರ್ಟಿನ ಅಂಟು ಸೂಪು ಕುಡ್ಕೊಂಡು ಸಂಸಾರ ಮಾಡ್ಲಿ."

"ಏಳು ತಟ್ಟೆ. ಎಣಿಸ್ಕೋ, ನಂಬಿಕೆ ಇಲ್ಲ ನಿನ್ನ ಮೇಲೆ. ಮೊದಲು ತಿಳಿ ಸಾರು. ಬೇಯಿಸಿದ ಬಿಳಿ ಕೋಳಿ. ಉಪ್ಪು ಹಾಕಿದ ಸಾಸಿವೆ ಸೊಪ್ಪಿನ ಜೊತೆ ಹಂದಿ. ಮೀನು, ಆವೀಲಿ, ಸೋಯಾ ಸಾಸ್ ಬೇಡ. … ಉಳಿದದ್ದು ನಂಗೆ ಬಿಡು. ಕೊನೇದು ತೋಫು. ಕೆಂಪು ಏನೂ ಬರಲ್ಲ, ಮೆಣಸಿನಕಾಯಿ ಕೂಡ. ಗಂಟಲಿಗೆ ಹೊಡೀತು ಅಂತ ಗೊಣಗಬೇಡ, ಇದು ಬಾಬುಗಳ ಊಟ ಅಲ್ಲ. ಹೋಗೋವಾಗ ಯಾರೂ 'ಬರ್ತೀವಿ' ಅನ್ನಕೂಡದು. ಸುಮ್ನೆ ಎದ್ದು ಹೋಗಬೇಕು."

"ಎಷ್ಟು ಜನ? … ಎಷ್ಟು? … ನೂರಾ ಹನ್ನೊಂದಾ? … ಬರೀ ಹನ್ನೊಂದಾ?"

ಅವಳು ಗೋಡೆಗೆ ಒರಗಿದಳು. ಚುಂಗ್ ಫಾನ ಹಿರಿಮಗಳ ಮದುವೆಗೆ ಬೀದಿಯ ಎರಡೂ ತುದಿ ಮುಚ್ಚಿ ಮೇಜು ಹಾಕಿದ್ದರು. ಆ ಜನವೆಲ್ಲ ಈಗ ಟೊರಾಂಟೊದಲ್ಲಿ, ಸಿಡ್ನಿಯಲ್ಲಿ, ಇಲ್ಲವೇ ಅದೇ ಮಸಣದಲ್ಲಿ. ಅವಳ ಗಂಡ ಬರೀ ಚರ್ಮ ಹದ ಮಾಡುತ್ತಿದ್ದವನು, ಅವನಿಗೆ ನೂರಾ ಎಂಬತ್ತು ಜನ ಬಂದಿದ್ದರು. ಸಂತೋಷವಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ.

"ಅಕ್ಕ ಬರ್ತಿಲ್ವಾ? … ಟಿಕೆಟ್ ಸಿಗಲಿಲ್ಲ. ಹಾಂ, ಸಿಗಲ್ಲ. … ಹನ್ನೊಂದು ಅಂದ್ರೆ ಹತ್ತು ಮುದುಕರು, ಹನ್ನೊಂದನೆಯವನು ನೀನು, ಅಲ್ವಾ? … ನಮ್ಮ ಮೇಜಿಗೆ ಹತ್ತೇ ಜನ. ಹಿರಿಯರ ಮಧ್ಯೆ ನಿಂಗೆ ಕುರ್ಚಿ ತುರುಕೋಕಾಗಲ್ಲ. ಇನ್ನೊಂದು ಮೇಜು ಹಾಕಬೇಕು. … ಒಬ್ಬನೇ ಕೂರ್ತೀಯಾ? ಆಗಲ್ಲ. ಸಾವಿನೂಟಕ್ಕೆ ಒಬ್ಬನೇ ಕೂತ್ರೆ ಎದುರಿಗಿನ ಕುರ್ಚೀಲಿ ಸತ್ತವನು ಬಂದು ಕೂರ್ತಾನೆ ಅಂತಾರೆ. ಅವನ ಕಾಲು ನನ್ನ ಹೋಟೆಲೊಳಗೆ ಬೀಳೋದು ಬೇಡ. ಯಾರಿದಾರೆ ನಿಂಗೆ ಇಲ್ಲಿ? ಒಬ್ಬ ಸ್ನೇಹಿತ? ಒಬ್ಬ ನೆಂಟ? … ಯೋಚಿಸಿ ಹೇಳು. … ಯಾರೂ ಇಲ್ಲ."

"ಅದೇನು ಕುಂಯ್ ಅಂತ ಕೂಗ್ತಿರೋದು? … ಚಾರ್ಜ್ ಮುಗೀತಾ ಇದೆಯಾ? ಸಿಕ್ಕಿಸು ಮತ್ತೆ. … ಸರಿ, ಚಾರ್ಜರ್ ಹುಡುಕೋ ಅಷ್ಟರಲ್ಲಿ ಕೇಳ್ಕೋ. ಎದುರಿಗೆ ನಾನು ಕೂರ್ತೀನಿ. … ಥ್ಯಾಂಕ್ಸ್ ಅನ್ಬೇಡ! ಬಾಯಿ ಮುಚ್ಚು! ನಿಂಗೆ ಸಮಾಧಾನ ಮಾಡೋಕೆ ಕೂರ್ತಿಲ್ಲ ನಾನು. ಒಂದೊಂದು ತಟ್ಟೆ ಬಂದ ಹಾಗೆ ನಿಮ್ಮಪ್ಪ ಮಾಡಿದ ಒಂದೊಂದು ಕೆಲಸ ಹೇಳ್ತೀನಿ. ನಂದು, ಲಿಯಾವ್ ಅಕ್ಕಂದು, ಎಲ್ಲರದೂ. ನೀನು ತಲೆ ಎತ್ತಿ ಕೇಳಬೇಕು. ಊಟದ ಕಡ್ಡಿ ಕೆಳಗಿಡೋ ಹಾಗಿಲ್ಲ, ತಿಂತಾನೇ ಕೇಳಬೇಕು. ಮೂವತ್ತು ವರ್ಷದ್ದು ಇದೆ, ಯಾರಿಗಾದ್ರೂ ಬಡಿಸಲೇಬೇಕು. … ಒಪ್ಪಿಗೇನಾ? ಒಪ್ಪಿಗೆ ಇಲ್ಲದಿದ್ರೆ ಪಗೋಡಾಗೆ ಹೋಗಿ ನೂಡಲ್ಸ್ ತಿನ್ನು."

"ಮತ್ತೆ ಕೇಳು. ಆರು ತಟ್ಟೆವರೆಗೂ ನೀನು ಅಳೋ ಹಾಗಿಲ್ಲ. ನಾನೂ ಅಳ್ಲಿಲ್ಲ ಆವತ್ತು. ಏಳನೇ ತಟ್ಟೆ, ತೋಫು ಬರುತ್ತಲ್ಲ, ಅಷ್ಟು ಹೊತ್ತಿಗೆ ನನ್ನ ಹತ್ರ ಬೈಯೋಕೆ ಏನೂ ಉಳಿದಿರಲ್ಲ. ಆಗ ಅಳು. ಆಗ ಎಷ್ಟು ಬೇಕಾದ್ರೂ ಅಳು, ನಾನು ಎದ್ದು ಹೋಗಲ್ಲ. … ಕೇಳಿಸ್ತಾ? … ಆ-ವೆನ್? … ಹಲೋ? … ಹಲೋ—"